ಸೀಮಂತಕ್ಕೆ ಹೊರಟವರು

ಮೇ 19, 2021, ಬುಧವಾರ, ಕೊಳ್ಳೇಗಾಲ

ಬೆಳಿಗ್ಗೆ ಎದ್ದಾಗಿನಿಂದ ಫೋನು ಗುಂಯ್‌ಗುಡುತ್ತಲೇ ಇತ್ತು. ಯಾರೋ ಹೋಗಿಬಿಟ್ಟಿರಬೇಕು ಎಂದುಕೊಂಡೇ ತೆಗೆದೆ. ಈಗ ಬೆಳಗಿನ ಫೋನೆಂದರೆ ಅದೇ ತಾನೆ. ಸಾವಿನ ಸುದ್ದಿಯಲ್ಲ, ನಮ್ಮ ದೀಪಳ ಸೀಮಂತದ ವಿಡಿಯೋ. ಹೋದ ಭಾನುವಾರ ಅತ್ತೆಮನೆಯ ಊರು ಹೊನ್ನೂರಿನ ನಮ್ಮ ತೋಟದಲ್ಲಿ ಮಾಡಿದ್ದು. ತೆಂಗಿನ ಗರಿಯ ಚಪ್ಪರ, ಎಲೆ ಮುಂದೆ ಸಾಲು ಸಾಲಾಗಿ ಕೂತ ಗಂಡಸರು, ನಡುವೆ ನಮ್ಮವರು ಹೆಗಲ ಮೇಲೆ ಟವೆಲ್ ಹಾಕಿಕೊಂಡು ನಗುನಗುತ್ತಾ ಹೋಳಿಗೆ ಬಡಿಸುತ್ತಿದ್ದಾರೆ. ಒಬ್ಬರ ಮುಖದ ಮೇಲೂ ಮಾಸ್ಕಿಲ್ಲ. ಮೇಲೆ ದಪ್ಪಕ್ಷರದಲ್ಲಿ "ಆರ್‌ಐ ಶಾಂತಮೂರ್ತಿ ಸಾಹೇಬರ ಲಾಕ್‌ಡೌನ್" ಎಂದು ಬರೆದಿದ್ದಾರೆ. ಅಲ್ಲಿನ ಸದ್ದು ತೆಗೆದುಹಾಕಿ ಯಾವನೋ ಸೋಬಾನೆ ಧಾಟಿಯ ಹಾಡು ಸೇರಿಸಿದ್ದಾನೆ:

ಸಾವಿನ ಮನೆಗೆ ಐದಾಳು, ಸೋಬಾನವೇ
ಸಾಯೇಬ್ರ ತೋಟಕ್ಕೆ ಐನೂರು, ಸೋಬಾನವೇ
ಬಸ್ಕಿ ಹೊಡೆಯೋರು ನಾವಂತೆ, ಬಳೆ ತೊಡೋರು ಅವರಂತೆ
ಕೊರೊನಮ್ಮ ಕಣ್ಮುಚ್ಚಿ ಕೂತವ್ಳೆ, ಸೋಬಾನವೇ

ಐನೂರು ಎಲ್ಲಿ ಬಂದಿದ್ದರು? ಅರ್ಧವೂ ಇರಲಿಲ್ಲ. ಕರೆದದ್ದು ಹತ್ತಿರದವರನ್ನು ಮಾತ್ರ. ಹತ್ತಿರದವರು ಜಾಸ್ತಿ ಇದ್ದರೆ ಅದು ನಮ್ಮ ತಪ್ಪೇ? ಇರುವವಳು ಒಬ್ಬಳೇ ಮಗಳು. ಅವಳ ಏಳನೇ ತಿಂಗಳು ಲಾಕ್‌ಡೌನ್ ಮುಗಿಯಲಿ ಎಂದು ಕಾಯುತ್ತದೆಯೇ? ಅತ್ತೆ ಪುಟ್ಟಗೌರಮ್ಮನವರಂತೂ "ನಾ ಕಣ್ಮುಚ್ಚೋ ಮುಂಚೆ ಮೊಮ್ಮಗೀಗೆ ಬಳೆ ತೊಡಿಸ್ಬೇಕು" ಎಂದು ಹಟ ಹಿಡಿದಿದ್ದರು.

ಬಸ್ಕಿಯ ಮಾತು ಬಂದದ್ದು ಯಾಕೆಂದು ಗೊತ್ತು. ನಮ್ಮವರು ಹನೂರು ಕಡೆಯ ಹೋಬಳಿಗೆ ರೆವಿನ್ಯೂ ಇನ್‌ಸ್ಪೆಕ್ಟರು. ಲಾಕ್‌ಡೌನ್ ಆದ ಮೇಲೆ ಚೆಕ್‌ಪೋಸ್ಟ್ ಡ್ಯೂಟಿ. ಸುಮ್ಮನೆ ತಿರುಗುವವರನ್ನು ಹಿಡಿದು ರಸ್ತೆ ಮೇಲೆ ಕಿವಿ ಹಿಡಿಸಿ ಬಸ್ಕಿ ಹೊಡೆಸುತ್ತಿದ್ದರು. ಅದನ್ನೆಲ್ಲ ವಿಡಿಯೋ ಮಾಡಿ ಹಾಕುತ್ತಿದ್ದರು. ಭಯ ಇಲ್ಲದಿದ್ದರೆ ಈ ಜನ ಯಾರ ಮಾತು ಕೇಳುತ್ತಾರೆ?

ನಮ್ಮವರು ತಿಂಡಿ ತಿನ್ನದೆ ಎದ್ದರು. "ಒಳಗಡೆಯೋರೇ ಮಾಡವ್ರೆ. ಉಂಡ ಮನೆಗೆ ಎರಡು ಬಗೆದವ್ರೆ. ಯಾರು ಅಂತ ನೀನೂ ಯೋಚ್ನೆ ಮಾಡು ರತ್ನ" ಎಂದರು.

ಯಾರು?

ಹೆರಿಗೆಗೆಂದು ಬಂದಿರುವ ದೀಪಳ ಕಣ್ಣಿಗೆ ಇದು ಬೀಳಬಾರದು. ಡಾಕ್ಟರು ರೆಸ್ಟ್ ಹೇಳಿದ್ದಾರೆ ಎಂದು ಅವಳ ಫೋನು ಕಿತ್ತುಕೊಂಡು ಬೀರುವಿನಲ್ಲಿಟ್ಟೆ. ಗಂಡನ ಜೊತೆ ನನ್ನ ಫೋನಿನಲ್ಲೇ ಮಾತಾಡು ಎಂದೆ. ಮುಖ ಊದಿಸಿಕೊಂಡಿದ್ದಾಳೆ.

ಮೇ 20, ಗುರುವಾರ

ವಿಡಿಯೋವನ್ನು ಮತ್ತೆ ಮತ್ತೆ ನೋಡಿದೆ. ಹಲಸಿನ ಮರದ ಕಡೆಯಿಂದ ತೆಗೆದಿದ್ದಾರೆ. ಅದರಲ್ಲಿ ಯಾರು ಕಾಣುತ್ತಾರೋ ಅವರು ತೆಗೆದಿರಲಾರರು. ಕಾಣದಿರುವವರನ್ನು ಹಿಡಿಯಬೇಕು. ಹೆಂಗಸರು ಒಳಗೆ ಬಳೆ ತೊಡಿಸುವಲ್ಲಿದ್ದೆವು. ಭಾವ ಹನುಮಯ್ಯನವರು ಕಾಣುತ್ತಾರೆ, ನೀರು ಕೊಡುತ್ತಿದ್ದಾರೆ. ನಮ್ಮ ಕಡೆಯ ಕೆಲಸದವರಲ್ಲಿ ಕಾಣದವರು ಇಬ್ಬರು. ಇವರ ಆಫೀಸಿನ ಗ್ರಾಮ ಸಹಾಯಕ ಮಾದಣ್ಣ ಒಬ್ಬ. ಇನ್ನೊಬ್ಬಳು ನಮ್ಮ ಮನೆ ಕೆಲಸದ ಸೋಮಮ್ಮ. ಅವಳು ಹಲಸಿನ ಮರದ ಹಿಂದೆಯೇ ಒಲೆಯ ಹತ್ತಿರ ಇದ್ದಳು.

ಎದುರು ಮನೆಯ ಯಶೋದ ಇವತ್ತು ಎರಡು ಸಲ ಗೇಟಿಗೆ ಬಂದು ನಿಂತಳು. ಭಾನುವಾರ ನಾವು ಬಳೆ ಬುಟ್ಟಿ ಕಾರಿಗೆ ಇಡುವಾಗಲೂ ಹೀಗೇ ನಿಂತಿದ್ದಳು. ನಾನು ಅವಳನ್ನು ಕರೆದಿರಲಿಲ್ಲ. ಕರೆಯಲಿಲ್ಲವೆಂಬ ಹೊಟ್ಟೆಕಿಚ್ಚು ಏನು ಬೇಕಾದರೂ ಮಾಡಿಸುತ್ತದೆ. ತೋಟಕ್ಕೆ ಅವಳು ಬರದಿದ್ದರೂ, ಬಂದವರಿಂದ ತರಿಸಿಕೊಂಡಿರಬಹುದಲ್ಲ?

ಮೇ 22, ಶನಿವಾರ

ಕರಿಬೇವು ಕೇಳುವ ನೆಪದಲ್ಲಿ ಯಶೋದಳ ಕಾಂಪೌಂಡಿನ ಹತ್ತಿರ ಹೋದೆ. ಆ ಮಾತು ಈ ಮಾತು ಆಡಿ, "ನಮ್ಮ ವಿಡಿಯೋ ನಿಂಗೂ ಬಂತಾ?" ಎಂದೆ.

"ಬಂತು ರತ್ನಕ್ಕ. ಯಾರ್‌ಗೆ ಬಂದಿಲ್ಲ ಹೇಳಿ?" ಎಂದಳು. ಕರಿಬೇವು ಕಿತ್ತು ಕೈಗಿಟ್ಟ ಮೇಲೆ, "ನಮ್ಮನೆಯವ್ರು ಸಕ್ರೆ ಕಾಯ್ಲೆ ಮಾತ್ರೆ ತರಕ್ಕೆ ಹೋಗಿದ್ರಲ್ಲ, ಅವತ್ತು ನಿಮ್ಮೆಜಮಾನ್ರು ಸ್ಕೂಟರ್ ಕೀಲಿ ಕಿತ್ಕೊಂಡ್ರು. ಆ ಬಿಸ್ಲಲ್ಲಿ ನಡ್ಕೊಂಡು ಬಂದು ಹಿಂಗೇ ಈ ಮೆಟ್ಲ ಮೇಲೆ ಕುಸಿದು ಬಿದ್ರು. ನಾನು ನಿಮ್ಗೆ ಹೇಳಿದ್ನಾ? ಇಲ್ಲ. ಎದುರು ಬದುರು ಮನೆ, ಯಾಕೆ ಬೇಕು ಅಂತ ಸುಮ್ನಾದೆ" ಎಂದಳು.

ಅಂದರೆ ಅವಳಿಗೆ ಕಾರಣವಿದೆ. ಗುರುತು ಮಾಡಿಕೊಂಡಿದ್ದೇನೆ. ಆದರೂ ಅಷ್ಟು ಬಿಸಿಲಲ್ಲಿ ನಡೆಸಬಾರದಿತ್ತೇನೋ. ಇವರಿಗೆ ಯಶೋದಳ ಗಂಡ ಎಂದು ಗೊತ್ತಾಗದೆ ಇರಬಹುದು, ಎಲ್ಲರೂ ಮಾಸ್ಕ್ ಹಾಕಿರುತ್ತಾರಲ್ಲ.

ಮೇ 23, ಭಾನುವಾರ

ಸೋಮಮ್ಮನನ್ನು ಕೆಲಸ ಬಿಡಿಸಿದೆ.

ಮೂರು ದಿನದಿಂದ ಅವಳನ್ನು ಕಣ್ಣಲ್ಲೇ ಕಾಯುತ್ತಿದ್ದೆ. ಮೊದಲಾದರೆ ಕಸ ಗುಡಿಸುತ್ತಾ ತನ್ನೂರು ಧನಗೆರೆಯ ಸುದ್ದಿಯೆಲ್ಲ ಹೇಳುತ್ತಿದ್ದಳು. ಸೀಮಂತಕ್ಕೆ ಎರಡು ದಿನ ಮುಂಚಿನಿಂದಲೇ ತುಟಿ ಬಿಚ್ಚಿಲ್ಲ. ನಮ್ಮವರು ಎದುರಾದರೆ ಗೋಡೆಗೆ ಒತ್ತಿ ನಿಲ್ಲುತ್ತಾಳೆ. ಒಳಗೆ ಏನೋ ಇರುವವರೇ ಹಾಗೆ ಮಾಡುವುದು.

ಹಿತ್ತಿಲಲ್ಲಿ ಪಾತ್ರೆ ತೊಳೆಯುತ್ತಿದ್ದಳು. "ತೋಟದಲ್ಲಿ ವಿಡಿಯೋ ಹಿಡಿದದ್ದು ನೀನೇನಾ? ನಿಜ ಹೇಳಿಬಿಡು" ಎಂದೆ.

"ನಾನಲ್ಲ ಕನವ್ವ."

"ನೀನಲ್ಲದಿದ್ರೆ ಯಾರು? ಮರದ ಹಿಂದೆ ಇದ್ದವಳು ನೀನೊಬ್ಬಳೇ."

"ನಾ ಒಲೆ ಉರಿ ನೋಡ್ತಿದ್ದಿ. ನಾನಲ್ಲ."

"ಹೋಗಲಿ ಬಿಡು. ಈ ಕೊರೊನಾ ಗಲಾಟೆ ಮುಗಿಯುವ ತನಕ ಬರಬೇಡ" ಎಂದೆ. ಏನೋ ಹೇಳುವವಳ ಹಾಗೆ ಬಾಯಿ ತೆರೆದಳು. ಹೇಳಲಿಲ್ಲ. ಉಳಿದಿದ್ದ ತಪ್ಪಲೆ ತೊಳೆದು, ಬೋರಲು ಹಾಕಿ, ಕೈ ಒರೆಸಿಕೊಂಡು ಹೋದಳು. ತಪ್ಪಿಲ್ಲದವಳಾಗಿದ್ದರೆ ಅಳುತ್ತಿದ್ದಳು. ಅವಳು ಅಳಲಿಲ್ಲ.

ಮೇ 25, ಮಂಗಳವಾರ

ಸೊಪ್ಪಿನವಳು ಗಾಡಿ ನಿಲ್ಲಿಸಿ, "ಕೊತ್ತಂಬ್ರಿ ಎಷ್ಟ್ ಕಟ್ಟು ಕೊಡ್ಲವ್ವ? ಐದ್ ಜನಕ್ಕೋ, ಐನೂರ್ ಜನಕ್ಕೋ?" ಎಂದಳು. ಅವಳ ಮುಖ ನೋಡಿದರೆ ಬೇಕೆಂದೇ ಕೇಳಿದಳೋ ಮಾತಿಗೆ ಕೇಳಿದಳೋ ಹೇಳಲಾಗದು. ಮಾಸ್ಕಿನಿಂದ ಇದೊಂದು ತೊಂದರೆ, ಯಾರು ನಗುತ್ತಿದ್ದಾರೆ ಯಾರು ಇಲ್ಲ ಗೊತ್ತೇ ಆಗುವುದಿಲ್ಲ.

ಮಧ್ಯಾಹ್ನ ಮಾದಣ್ಣ ಇವರ ಊಟದ ಡಬ್ಬಿ ಒಯ್ಯಲು ಬಂದ. ಅವನ ಮೇಲೂ ಕಣ್ಣಿದೆ ನನಗೆ. ಮಾತಿಗೆಳೆದೆ. ಚೆಕ್‌ಪೋಸ್ಟಿನಲ್ಲಿ ಹೇಗಿದೆ ಎಂದೆ.

"ಏನ್ ಹೇಳದವ್ವ. ಯಾರ್ನ ತಡದ್ರೂ ಒಂದೇ ಮಾತು, 'ಸೀಮಂತಕ್ಕೆ ಓಯ್ತಾ ಇವ್ನಿ ಸಾ' ಅಂತಾರೆ. ಹಾಲಿನೋನೂ ಅದೇ, ಗೊಬ್ರದೋನೂ ಅದೇ. ನಿನ್ನೆ ಒಬ್ಬ ತಾತ ಸೈಕಲ್ ಮ್ಯಾಲೆ ಹುಲ್ಲು ಹೊರೆ ಇಟ್ಗಂಡು ಬಂದ. ಸಾಯೇಬ್ರು 'ಎಲ್ಗಯ್ಯ?' ಅಂದ್ರು. 'ಸೀಮಂತಕ್ಕೆ ಸಾ' ಅಂದ. 'ಯಾರ್‌ದಯ್ಯ ಸೀಮಂತ?' ಅಂದ್ರು. 'ನಂದೇ ಸಾ' ಅಂದ್ಬುಟ್ಟ."

ಹೇಳುತ್ತಾ ಮಾದಣ್ಣನ ಭುಜ ಕುಣಿಯುತ್ತಿತ್ತು. ನನಗೂ ಒಳಗಿಂದ ಒತ್ತಿಕೊಂಡು ಬಂತು. ಸೆರಗು ಬಾಯಿಗೆ ಅಡ್ಡ ಹಿಡಿದೆ. ಪಾಪ, ಕೆಮ್ಮು ಎಂದುಕೊಂಡು ದೂರ ಸರಿದು ನಿಂತ.

ಸಾಹೇಬರ ಅನ್ನ ಉಣ್ಣುವವನು ಹೀಗೆ ನಗಬಹುದೇ? ಅನುಮಾನ ಗಟ್ಟಿಯಾಯಿತು.

ಮೇ 26, ಬುಧವಾರ

ದೀಪಳ ಸ್ಕ್ಯಾನಿಂಗಿಗೆ ಇವರ ಜೊತೆ ಆಫೀಸಿನ ಜೀಪಿನಲ್ಲಿ ಹೋದೆವು. ಎಲ್ಲ ಚೆನ್ನಾಗಿದೆಯಂತೆ. ಬರುವಾಗ ಮಾರ್ಕೆಟ್ ರಸ್ತೆಯಲ್ಲಿ ರೇಷನ್‌ಗೆ ಕ್ಯೂ ನಿಂತಿದ್ದರು. ಬಿಳಿ ಸುಣ್ಣದ ಗುಂಡು ಗೆರೆಯೊಳಗೆ ಒಬ್ಬೊಬ್ಬರು, ಎಲ್ಲರಿಗೂ ಮಾಸ್ಕು. ಜೀಪು ನೋಡಿ ಮೊದಲನೆಯವನು ಎರಡೂ ಕಿವಿ ಹಿಡಿದುಕೊಂಡು ಬಸ್ಕಿ ಹೊಡೆದ. ಅವನ ಹಿಂದಿನವನು, ಅವನ ಹಿಂದಿನವಳು, ಹೀಗೇ ಸಾಲು ಪೂರ್ತಿ. ಒಬ್ಬರೂ ಮಾತಾಡಲಿಲ್ಲ, ಕೂಗಲಿಲ್ಲ. ಮುದುಕಿಯೊಬ್ಬಳಿಗೆ ಕೂರಲಾಗದೆ ಕಿವಿ ಮಾತ್ರ ಹಿಡಿದು ತಲೆ ಬಾಗಿಸಿದಳು.

ನಮ್ಮವರು ಜೀಪು ನಿಲ್ಲಿಸಿ ಇಳಿದರು. "ಏನ್ರೋ ಇದು? ಏನಂತ ತಿಳ್ಕೊಂಡಿದೀರಿ?" ಎಂದು ಕೂಗಿದರು. ಎಲ್ಲರೂ ತಂತಮ್ಮ ಗುಂಡು ಗೆರೆಯೊಳಗೆ ನೆಟ್ಟಗೆ ನಿಂತರು. ಏನೆಂದು ಕೇಸು ಹಾಕುವುದು? ದೂರ ನಿಂತಿದ್ದಾರೆ, ಮಾಸ್ಕ್ ಹಾಕಿದ್ದಾರೆ, ಯಾವ ಕಾನೂನೂ ಮುರಿದಿಲ್ಲ. ಸುಮ್ಮನೆ ಬಂದು ಕೂತರು. ಕಿವಿ ಕೆಂಪಗಾಗಿತ್ತು.

"ಯಾಕಮ್ಮ ಹಂಗೆ ಮಾಡ್ತಾವ್ರೆ?" ಎಂದಳು ದೀಪ.

"ನಿಂತೂ ನಿಂತೂ ಕಾಲು ಹಿಡಿದಿರುತ್ತೆ" ಎಂದೆ.

ಮೇ 27, ಗುರುವಾರ

ಪಾತ್ರೆ ತೊಳೆಯುವಾಗ ಆ ದರಿದ್ರ ಹಾಡು ನನ್ನ ಬಾಯಿಗೇ ಬಂತು. ಕಟ್ಟಿದವನು ಯಾವನೋ, ಧಾಟಿ ಮಾತ್ರ ಸರಿಯಾಗಿ ಕೂರಿಸಿದ್ದಾನೆ.

ಮೇ 28, ಶುಕ್ರವಾರ

ಹೊನ್ನೂರಿನಿಂದ ಹನುಮಯ್ಯ ಭಾವ ಫೋನ್ ಮಾಡಿದ್ದರು. ಅತ್ತೆಗೆ ಎರಡು ದಿನದಿಂದ ಜ್ವರವಂತೆ, ಮೈ ಕೈ ನೋವಂತೆ. ಇವರು "ಮಾವಿನಣ್ಣು ತಿಂದು ಉಷ್ಣ ಆಗಿರ್ತದೆ. ಕಷಾಯ ಕೊಡಿ, ಹೊರಗೆ ಮಾತಾಡ್ಬೇಡಿ" ಎಂದರು. ಜ್ವರ ಬಂದರೆ ಹೊರಗೆ ಮಾತಾಡಬಾರದು ಎಂದರೆ ಏನರ್ಥ?

ಮೇ 29, ಶನಿವಾರ

ಸಿಕ್ಕಿಬಿದ್ದ. ಮಾದಣ್ಣನೇ.

ಇವರು ಬೆಳಿಗ್ಗೆ ಗೆದ್ದವರ ಹಾಗೆ ಬಂದು ಹೇಳಿದರು. "ವಿಡಿಯೋ ಹಿಡಿದೋನು ಅವ್ನೇ. ಕೇಳಿದ್ರೆ ಹೂಂ ಅಂತ ಒಪ್ಕೊಂಡ. ಮೇಲಕ್ಕೆ ರಿಪೋರ್ಟ್ ಕೊಟ್ಟಿದೀನಿ, ಕೆಲ್ಸದಿಂದ ಕಿತ್ತಾಕಿಸ್ತೀನಿ."

"ಹಿಡಿದದ್ದು ಅವನಾದರೂ, ಸೀಮಂತ ಆದದ್ದು ನಿಜ ತಾನೆ ರೀ? ಅದಕ್ಕೇನು ಹೇಳುತ್ತೀರಿ?" ಎಂದೆ.

"ಎರಡು ವರ್ಷದ ಹಿಂದೆ ಹೊನ್ನೂರ್ ಮನೆ ಗೃಹಪ್ರವೇಶ ಆಯ್ತಲ್ಲ, ಅದ್ರ ವಿಡಿಯೋ ಇದು ಅಂತ ಹೇಳ್ತೀನಿ. ಮಾದಣ್ಣ ನನ್ ಮೇಲಿನ ದ್ವೇಷಕ್ಕೆ ಈಗ ಬಿಟ್ಟವ್ನೆ. ಅದ್ರಲ್ಲಿ ದೀಪ ಎಲ್ಲೂ ಕಾಣಲ್ಲ, ನೀನೂ ಕಾಣಲ್ಲ. ವಿಚಾರಣೆಗೆ ಬಂದ್ರೆ ನೀನೂ ಹಂಗೇ ಹೇಳು."

ಹೂಂ ಎಂದೆ. ಮನೆಯ ಮಾನದ ಪ್ರಶ್ನೆ.

ಹಾಗಾದರೆ ಸೋಮಮ್ಮ ಅಲ್ಲ. ಸುಮ್ಮನೆ ಬಿಡಿಸಿದ ಹಾಗಾಯಿತು. ನಾಳೆ ನಾನೇ ಹೋಗಿ ಕರೆಯುತ್ತೇನೆ, ಮನೆಗೆಲಸವೆಲ್ಲ ಒಬ್ಬಳೇ ಮಾಡಿ ಮೈ ನೋವು ಬಂದು ಸಾಕಾಗಿದೆ.

ಮೇ 30, ಭಾನುವಾರ

ಅಂಗಡಿ ತೆರೆದಿರುವ ಹೊತ್ತಿನಲ್ಲೇ ಆಟೋ ಮಾಡಿಕೊಂಡು ಧನಗೆರೆಗೆ ಹೋಗಿ ಬಂದೆ.

ಸೋಮಮ್ಮ ಜಗಲಿಯ ಮೇಲೆ ಅವರೆಕಾಳು ಹಸನು ಮಾಡುತ್ತಾ ಕೂತಿದ್ದಳು. ಚಾಪೆ ಹಾಸಿದಳು, ನೀರು ತಂದಿಟ್ಟಳು. "ಅದು ನೀನಲ್ಲ ಅಂತ ಗೊತ್ತಾಯ್ತು. ಮನಸ್ಸಿನಲ್ಲಿ ಇಟ್ಟುಕೋಬೇಡ, ನಾಳೆಯಿಂದ ಬಾ" ಎಂದೆ.

ಅವಳು ಸೊಂಟದಿಂದ ಫೋನು ತೆಗೆದು ತೋರಿಸಿದಳು. ಗುಂಡಿ ಒತ್ತುವ ಹಳೇ ಫೋನು, ರಬ್ಬರ್ ಬ್ಯಾಂಡ್ ಸುತ್ತಿದ್ದು. "ಇದ್ರಲ್ಲಿ ಪಟ ಬರದಿಲ್ಲ ಕನವ್ವ. ನಿಮ್ಗೂ ಗೊತ್ತು" ಎಂದಳು.

ಗೊತ್ತಿತ್ತು. ದಿನಾ ನೋಡುವ ಫೋನು. ಅವತ್ತು ಹೇಗೆ ಹೊಳೆಯಲಿಲ್ಲವೋ.

"ಮತ್ತೆ ಯಾಕೆ ಅಷ್ಟು ದಿನ ಮಾತಾಡದೆ ಇದ್ದೆ? ಅದಕ್ಕೇ ನನಗೆ ಅನುಮಾನ ಬಂದದ್ದು" ಎಂದೆ.

ಕಾಳಿನ ಮೊರ ಪಕ್ಕಕ್ಕಿಟ್ಟಳು. "ಸೀಮಂತಕ್ಕೆ ಮುಂಚೆ ಗುರುವಾರ ಲೊಕ್ಕನಳ್ಳೀಲಿ ನಮ್ಮಕ್ಕ ತೀರೋದ್ಳು. ನನ್ನ ಎತ್ತಿ ಸಾಕ್ದೋಳು ಕನವ್ವ, ಅವ್ವ ಇದ್ದಂಗೆ. ಹಾಲಿನ ಆಟೋ ಹತ್ಕಂಡು ಓದಿ. ಚೆಕ್‌ಪೋಸ್ಟ್‌ನಲ್ಲಿ ಸಾಯೇಬ್ರು ನಿಂತಿದ್ರು. ಬುಡು, ನಮ್ ಸಾಯೇಬ್ರೇ ಅವ್ರೆ ಅಂತ ಜೀವ ಬಂತು. ಮಾಸ್ಕ್ ತಗ್ದು 'ಸಾ, ನಾನು ಸಾ, ನಿಮ್ಮನೆ ಸೋಮಮ್ಮ' ಅಂದಿ. ಮಣ್ಣಿಗೆ ಐದೇ ಜನ ಅಂತ ರೂಲ್ಸ್ ಅಂತಲ್ಲ, ಅದಾಗ್ಲೇ ಐದ್ ಜನ ಓಗವ್ರೆ ಅಂದ್ರು. ಮೊಖ ನೋಡಿ ಬತ್ತೀನಿ ಸಾ ಅಂತ ಕಾಲ್ ಹಿಡ್ದಿ. 'ನಮ್ಮನೇಲಿ ನೀನು ಸೋಮಮ್ಮ. ಇಲ್ಲಿ ಆರನೆಯೋಳು' ಅಂದ್ರು. ಪಕ್ಕದಲ್ಲಿದ್ದೋರೆಲ್ಲ ನಗಾಡುದ್ರು."

ನೀರಿನ ಲೋಟ ಕೈಗೆತ್ತಿಕೊಂಡೆ.

"ವಾಪಸ್ ಬಂದಿ. ಮಾರ್ನೆ ದಿನ ನಿಮ್ಮನೇಲಿ ಸೀಮಂತದ ಚಿಗಳಿ ಉಂಡೆಗೆ ಎಳ್ಳು ಉರ್ದಿ. ಭಾನುವಾರ ತೋಟದಲ್ಲಿ ಅಷ್ಟ್ ಜನ ಕೂತ್ಕಂಡು ಉಣ್ತಾ ಇರದ ಒಲೆ ತಾವಿಂದ ನೋಡ್ತಾ ಇದ್ದಿ. ಬಾಯಿಗೆ ಮಾತು ಎಲ್ಲಿಂದ ಬತ್ತದವ್ವ?"

ನೀನು ಆಗಲೇ ನನಗೆ ಹೇಳಬಾರದಿತ್ತೇ ಎಂದೆ.

"ಹೇಳುದ್ರೆ ನಂಬ್ತಿದ್ರಾ?"

ಕೆಲಸಕ್ಕೆ ಬರುವುದಿಲ್ಲವಂತೆ. ಸಿಟ್ಟಿನಿಂದಲೂ ಹೇಳಲಿಲ್ಲ. "ಬಿಸ್ಲಾಯ್ತದ, ಓಗಿ ಬನ್ನಿ" ಎಂದು ಆಟೋದ ತನಕ ಬಂದು ಕಳಿಸಿದಳು.

ಮೇ 31, ಸೋಮವಾರ

ತಿಂಡಿ ಬಡಿಸುವಾಗ ಕೇಳಿದೆ, ಸೋಮಮ್ಮ ಎಂದು ಗುರುತು ಸಿಕ್ಕಿತ್ತಾ ಎಂದು.

"ಸಿಗದೆ ಏನು? ನಮ್ಮನೆಯೋಳು ಅಂತ ಬಿಟ್ರೆ ನಾಳೆ ಎಲ್ರೂ ನಮ್ಮೋರೇ ಆಗ್ತಾರೆ. ರೂಲ್ಸ್ ಅಂದ್ರೆ ರೂಲ್ಸ್" ಎಂದು ಇನ್ನೊಂದು ದೋಸೆ ಕೇಳಿದರು.

ಹಾಕಿದೆ. ಸೀದಿತ್ತು. ತಿಂದರು.

ಜೂನ್ 1, ಮಂಗಳವಾರ

ಬೆಳಿಗ್ಗೆ ಭಾವ ಮತ್ತೆ ಫೋನ್ ಮಾಡಿದರು. ಅತ್ತೆಗೆ ಉಸಿರಾಡಲು ಕಷ್ಟವಾಗುತ್ತಿದೆ, ಎರಡು ಹೆಜ್ಜೆ ಇಟ್ಟರೆ ಏದುಸಿರು ಬರುತ್ತದೆ ಎಂದರು. ಆಸ್ಪತ್ರೆಗೆ ಕರೆದೊಯ್ಯಿರಿ ಎಂದರೆ, "ತಮ್ಮ ಬ್ಯಾಡ ಅಂದವ್ನೆ ಕನಮ್ಮ. ಟೆಸ್ಟ್ ಮಾಡ್ಸುದ್ರೆ ಎಲ್ಲಿಂದ ಅಂಟ್ತು ಅಂತ ಕೇಳ್ತಾರೆ, ಸೀಮಂತದ ಇಸ್ಯ ಈಚೆಗೆ ಬತ್ತದೆ, ವಿಚಾರಣೆ ಮುಗೀಲಿ ಅಂದವ್ನೆ. ನಾನೇನ್ ಮಾಡ್ಲಿ?" ಎಂದು ಅತ್ತರು. ಅರವತ್ತು ದಾಟಿದ ಗಂಡಸು.

ಇವರಿಗೆ ಫೋನ್ ಮಾಡಿದೆ. "ನೀನು ತಲೆ ಹಾಕ್ಬೇಡ. ನಾನು ಸಂಜೆ ಮಾತ್ರೆ ಕಳಿಸ್ತೀನಿ" ಎಂದರು. ಹೆತ್ತ ತಾಯಿ. ನನ್ನ ಕಿವಿಗೆ ಬಿದ್ದದ್ದು ಸರಿಯೇ ಎಂದು ಮತ್ತೊಮ್ಮೆ ಕೇಳಿದೆ. ಅದನ್ನೇ ಹೇಳಿದರು.

ಎದುರು ಮನೆಗೆ ಹೋಗಿ ಬಾಗಿಲಲ್ಲಿ ನಿಂತೆ. ಯಶೋದ ಎರಡೇ ಮಾತಿನಲ್ಲಿ ಅರ್ಥ ಮಾಡಿಕೊಂಡು ಸ್ಕೂಟರ್ ಕೀಲಿ ತಂದಳು. ದೀಪಳನ್ನು ನೋಡಿಕೊಳ್ಳಲು ಅವಳ ಗಂಡ ನಮ್ಮ ಜಗಲಿಯ ಮೇಲೆ ಬಂದು ಕೂತರು.

ಯಳಂದೂರು ರಸ್ತೆಯಲ್ಲಿ ಪೊಲೀಸಿನವನು ತಡೆದ. ಚಿಕ್ಕ ವಯಸ್ಸು, ನನ್ನ ಗುರುತಿಲ್ಲ.

"ಎಲ್ಗಮ್ಮ?"

"ಹೊನ್ನೂರಿಗೆ."

"ಹೊನ್ನೂರ್ಗಾ?" ಕಣ್ಣಿನಲ್ಲೇ ನಗು ಕಂಡಿತು. "ಸೀಮಂತಕ್ಕಾ?"

"ಹೂಂ ಕಣಪ್ಪ. ಆ ಸೀಮಂತಕ್ಕೇ" ಎಂದೆ.

ತಮಾಷೆ ಎಂದುಕೊಂಡು ಜೋರಾಗಿ ನಕ್ಕು ಬಿಟ್ಟ.

ಅತ್ತೆಯ ತುಟಿ ಬಣ್ಣಗೆಟ್ಟಿತ್ತು. ಆಂಬುಲೆನ್ಸಿಗೆ ಫೋನ್ ಮಾಡಿ ಯಳಂದೂರಿನ ಆಸ್ಪತ್ರೆಗೆ ಸೇರಿಸಿದೆವು. ಆಕ್ಸಿಜನ್ ಹಾಕಿದರು. ಡಾಕ್ಟರಮ್ಮ, ಇತ್ತೀಚೆಗೆ ಜನ ಸೇರಿದ ಕಡೆ ಹೋಗಿದ್ದರಾ ಎಂದು ಕೇಳಿದರು. ಹದಿನಾರನೇ ತಾರೀಖು ನಮ್ಮ ಮಗಳ ಸೀಮಂತ ಆಯಿತು, ಇನ್ನೂರರ ಮೇಲೆ ಜನ ಇದ್ದರು ಎಂದು ಹೇಳಿದೆ. ಡಾಕ್ಟರ ಹತ್ತಿರ ಮುಚ್ಚಿಡಲಾಗುತ್ತದೆಯೇ?

ಮರಳಿ ಬಂದು ಸ್ನಾನ ಮಾಡಿ ಹೊರಗಿನ ಕೋಣೆಯಲ್ಲಿ ಬೇರೆಯೇ ಇದ್ದೇನೆ, ಬಸುರಿ ಮಗಳ ಹತ್ತಿರ ಹೋಗುವ ಹಾಗಿಲ್ಲ.

ಜೂನ್ 3, ಗುರುವಾರ

ಆಶಾ ಕಾರ್ಯಕರ್ತೆಯರು ಹೊನ್ನೂರಿನಲ್ಲಿ ಮನೆಮನೆಗೂ ಹೋಗಿ ಟೆಸ್ಟ್ ಮಾಡುತ್ತಿದ್ದಾರಂತೆ. ಭಾವನಿಗೂ ಇದೆ, ಅವರ ಸೊಸೆಗೂ ಇದೆ. ಇನ್ನೂ ಕೆಲವರಿಗಿದೆ.

ಇವರು ಕಿಟಕಿಯ ಹತ್ತಿರ ನಿಂತು ಕೂಗಿದರು. "ನನ್ ಕತ್ತು ಕುಯ್ದೆ ನೀನು. ಹೆಂಡ್ತಿ ಅಲ್ಲ, ವೈರಿ." ಒಂದು ಸಲವಾದರೂ "ಅವ್ವ ಹೆಂಗವ್ಳೆ" ಎಂದು ಕೇಳುತ್ತಾರೇನೋ ಎಂದು ಕಾದೆ.

ಜೂನ್ 7, ಸೋಮವಾರ

ನನ್ನದು, ದೀಪಳದು, ಇವರದು ಮೂವರ ರಿಪೋರ್ಟೂ ಬಂತು, ಯಾರಿಗೂ ಇಲ್ಲ. ಅತ್ತೆಯ ಆಕ್ಸಿಜನ್ ತೆಗೆದಿದ್ದಾರೆ, ಗಂಜಿ ಕುಡಿಯುತ್ತಿದ್ದಾರಂತೆ.

ದೀಪ ಅಜ್ಜಿಯ ಫೋಟೋ ನೋಡಬೇಕು, ನನ್ನ ಫೋನು ಕೊಡು ಎಂದು ಅತ್ತಳು. ಬೀರುವಿನಿಂದ ತೆಗೆದು ಕೊಟ್ಟೆ. ಸೀಮಂತದ ಫೋಟೋ ಒಂದೊಂದಾಗಿ ಸರಿಸುತ್ತಿದ್ದಳು. ಇದ್ದಕ್ಕಿದ್ದ ಹಾಗೆ ಇವರ ಧ್ವನಿ ಕೇಳಿಸಿತು. ಮನೆಗೆ ಬಂದರೇನೋ ಎಂದು ಬಾಗಿಲ ಕಡೆ ನೋಡಿದೆ. ಬಂದದ್ದು ಫೋನಿನಿಂದ.

ಅದೇ ವಿಡಿಯೋ. ಹಲಸಿನ ಮರ, ಚಪ್ಪರ, ಎಲೆ, ಹೋಳಿಗೆ. ಮೇಲೆ ಬರಹವಿಲ್ಲ, ಹಾಡಿಲ್ಲ. ಅವತ್ತಿನ ಮಾತೇ ಇದೆ. ಇವರು ಹೋಳಿಗೆ ತಟ್ಟೆ ಹಿಡಿದು ಕ್ಯಾಮೆರಾ ಕಡೆ ತಿರುಗಿ ಹೇಳುತ್ತಿದ್ದಾರೆ: "ಲೇ ಮಾದಣ್ಣ, ಸರ್ಯಾಗಿ ಹಿಡ್ಕಳ್ಲಾ. ನನ್ ಹೊಸ ಫೋನು, ಬೀಳಿಸ್ಬುಟ್ಟೀಯ. ಎಲ್ರೂ ಬರಂಗೆ ಹಿಡಿ, ಗ್ರೂಪ್‌ಗೆ ಹಾಕ್ಬೇಕು."

"ಇದು ನಿನಗೆ ಎಲ್ಲಿಂದ ಬಂತು?" ಎಂದೆ.

"ಅಪ್ಪಾನೇ ಅವತ್ತು ಸಂಜೆ ಕಳಿಸಿದ್ರಲ್ಲಮ್ಮ. ಆಫೀಸ್‌ನೋರ ಗ್ರೂಪ್‌ಗೂ ಹಾಕಿದೀನಿ, ಎಲ್ರೂ ಹೊಗಳ್ತಾವ್ರೆ ಅಂತ ಹೇಳಿದ್ರು. ನಿನಗೆ ಕಳಿಸಿರಲಿಲ್ವಾ?"

ಮಾದಣ್ಣ ಹಿಡಿದದ್ದು ನಿಜ. ಹಿಡಿ ಎಂದವರು ಇವರು, ಫೋನು ಇವರದು, ಗುಂಪಿಗೆ ಹಾಕಿದವರೂ ಇವರೇ. ಆ ಗುಂಪಿನಲ್ಲಿದ್ದ ಯಾರೋ ಒಬ್ಬರು ಹೊರಗೆ ಬಿಟ್ಟಿದ್ದಾರೆ. ವಿಡಿಯೋ ಬಂದ ದಿನವೇ ಇವರಿಗೆ ಇದು ಗೊತ್ತಿತ್ತು. ಗೊತ್ತಿದ್ದೂ "ಯಾರು ಅಂತ ಯೋಚ್ನೆ ಮಾಡು" ಎಂದು ನನ್ನನ್ನು ಹುಡುಕಲು ಬಿಟ್ಟರು. ನ್ಯಾಯವಾಗಿ ಸೋಮಮ್ಮನ ಹೆಸರು ಬಂದಾಗಲಾದರೂ ಬೇಡ ಎನ್ನಬಹುದಿತ್ತು. ಬಿಡಿಸಿದ ಸುದ್ದಿ ಹೇಳಿದಾಗ "ಒಳ್ಳೇದಾಯ್ತು" ಎಂದಿದ್ದರು.

ದೀಪ ನನ್ನ ಮುಖ ನೋಡಿ ಹೆದರಿದಳು. ಏನಿಲ್ಲ, ಬಿಸಿಲಿಗೆ ತಲೆ ಸುತ್ತಿತು ಎಂದೆ.

ಜೂನ್ 9, ಬುಧವಾರ

ವಿಚಾರಣೆಗೆ ಅಧಿಕಾರಿ ಬಂದಿದ್ದರು. ವಯಸ್ಸಾದವರು, ಮೆಲುಮಾತು. ಮಾದಣ್ಣನನ್ನು ಗೇಟಿನ ಹೊರಗೆ ನಿಲ್ಲಿಸಿದ್ದರು. ಒಳಗೆ ಕೂರಿಸಿ ಎಂದೆ. ಶಾಂತಮೂರ್ತಿ ಬೇಡ ಎಂದು ಕಣ್ಣಲ್ಲೇ ಹೇಳಿದರು. ನಾನೇ ಹೋಗಿ ಜಗಲಿಯ ಮೇಲೆ ಕುರ್ಚಿ ಹಾಕಿ ಅವನನ್ನು ಗೇಟಿನಿಂದ ಕರೆದು ಬಂದೆ. ಅವನು ಕೂರಲಿಲ್ಲ, ಕುರ್ಚಿಯ ಹಿಂದೆ ನಿಂತುಕೊಂಡ.

ಆಸ್ಪತ್ರೆಯವರು ಏನೇ ಬರೆದಿರಲಿ, ಹದಿನಾರರಂದು ಮನೆಯವರೇ ನಾಲ್ಕು ಜನ ಸೇರಿ ಬಳೆ ತೊಡಿಸಿದ್ದು, ವಿಡಿಯೋ ಮಾತ್ರ ಹಳೇದು ಎಂದು ಶಾಂತಮೂರ್ತಿ ಹೇಳಿದರು. ಬಾಯಿಪಾಠ ಒಪ್ಪಿಸಿದ ಹಾಗಿತ್ತು. ಆಮೇಲೆ ಅಧಿಕಾರಿ ನನ್ನ ಕಡೆ ತಿರುಗಿ, "ಏನಮ್ಮ, ಈ ವಿಡಿಯೋ ಗೃಹಪ್ರವೇಶದ್ದಾ?" ಎಂದರು.

ಅಲ್ಲ ಎಂದೆ.

ದೀಪಳ ಫೋನು ತಂದು ಅವರ ಮುಂದೆ ಇಟ್ಟೆ. "ಲೇ ಮಾದಣ್ಣ, ಸರ್ಯಾಗಿ ಹಿಡ್ಕಳ್ಲಾ" ಎಂದು ಶಾಂತಮೂರ್ತಿಯ ಧ್ವನಿ ನಡುಮನೆಯಲ್ಲಿ ಕೇಳಿಸಿತು. ಹೊರಗೆ ಮಾದಣ್ಣ, ಕರೆದರೆಂದು ತಿಳಿದು, "ಸಾ" ಎಂದ.

ಯಾರೂ ನಗಲಿಲ್ಲ. ಕಾಫಿ ಮಾಡಲು ಒಳಗೆ ಹೋದೆ. ಸಕ್ಕರೆ ಡಬ್ಬಿ ಕಣ್ಣೆದುರಿಗೇ ಇತ್ತು, ಬಹಳ ಹೊತ್ತು ಹುಡುಕಿದೆ.

ಜೂನ್ 18, ಶುಕ್ರವಾರ

ಶಾಂತಮೂರ್ತಿಗೆ ಸಸ್ಪೆಂಡ್ ಆರ್ಡರ್ ಬಂತು. ಮಾದಣ್ಣನ ಮೇಲಿನದನ್ನು ಕೈಬಿಟ್ಟಿದ್ದಾರೆ.

ಅತ್ತೆಯನ್ನು ಮನೆಗೆ ಕಳಿಸಿದ್ದಾರೆ. ಫೋನಿನಲ್ಲಿ ದೀಪಳ ಹತ್ತಿರ ಹುರುಳಿಕಾಳಿನ ಸಾರು ಬೇಕು ಎಂದರಂತೆ. ನಾಲಿಗೆಗೆ ರುಚಿ ಬಂದರೆ ಅರ್ಧ ಗೆದ್ದ ಹಾಗೆ.

ಜನ ಈಗ ಬೇರೆ ಯಾವುದೋ ಊರಿನ ಅಧಿಕಾರಿಯನ್ನು ಹಿಡಿದುಕೊಂಡಿದ್ದಾರೆ. ಆತ ಕಟಿಂಗ್ ಶಾಪಿಗೆ ಬೀಗ ಹಾಕಿಸಿ, ಅದೇ ಅಂಗಡಿಯವನನ್ನು ಮನೆಗೆ ಕರೆಸಿ ಕೂದಲು ಕತ್ತರಿಸಿಕೊಂಡನಂತೆ. ಅದಕ್ಕೂ ಹಾಡು ಬಂದಿದೆ. ಅಷ್ಟು ಚೆನ್ನಾಗಿಲ್ಲ. ಯಶೋದಳಿಗೆ ಕಳಿಸಿದೆ.

ಸೋಮಮ್ಮ ಬಂದಿಲ್ಲ. ನಾನೂ ಮತ್ತೆ ಕರೆಯಲು ಹೋಗಿಲ್ಲ. ಯಾವ ಮುಖ ಇಟ್ಟುಕೊಂಡು ಹೋಗುವುದು?

ಜೂನ್ 22, ಮಂಗಳವಾರ

ಶಾಂತಮೂರ್ತಿ ದಿನವಿಡೀ ಮನೆಯಲ್ಲೇ ಇರುತ್ತಾರೆ. ನನ್ನ ಫೋನು ಸದ್ದು ಮಾಡಿದರೆ ತಲೆ ಎತ್ತುತ್ತಾರೆ. ಯಾರು ಎನ್ನುತ್ತಾರೆ. ಸ್ನಾನಕ್ಕೆ ಹೋದಾಗ ಫೋನು ಇಟ್ಟ ಜಾಗದಲ್ಲಿ ಇರುವುದಿಲ್ಲ, ಸ್ವಲ್ಪ ಸರಿದಿರುತ್ತದೆ. ಗೇಟಿನ ಹತ್ತಿರ ಯಶೋದಳ ಜೊತೆ ನಿಂತರೆ ಕಿಟಕಿ ಪರದೆ ಅಲ್ಲಾಡುತ್ತದೆ. ಮೊದಲಾಗಿದ್ದರೆ ನನಗೆ ಅಳು ಬರುತ್ತಿತ್ತು. ಈಗ ಈರುಳ್ಳಿ ಹೆಚ್ಚುತ್ತಾ ಇರುತ್ತೇನೆ.

ಇವತ್ತು ಸಂಜೆ ಕಾಫಿ ಕೊಡಲು ಹೋದಾಗ ಲೋಟ ತೆಗೆದುಕೊಳ್ಳಲಿಲ್ಲ. ಗಡ್ಡ ಬಿಟ್ಟಿದ್ದಾರೆ, ಬೆಳ್ಳಗಾಗಿದೆ.

"ಗ್ರೂಪ್‌ನಲ್ಲಿದ್ದೋರ್ನೆಲ್ಲ ಕೇಳ್ದೆ, ಯಾರೂ ನಾನಲ್ಲ ಅಂತಾರೆ. ನಿಜ ಹೇಳು ರತ್ನ. ಆ ವಿಡಿಯೋ ಹೊರಗೆ ಬಿಟ್ಟಿದ್ದು ನೀನೇನಾ?"

ಅಲ್ಲ ಎಂದಿದ್ದರೆ ಮುಗಿಯುತ್ತಿತ್ತು. ನಾನಲ್ಲ ಎನ್ನುವುದೂ ನಿಜವೇ.

"ಕಾಫಿ ಆರೋಗ್ತದೆ, ಕುಡೀರಿ" ಎಂದು ಲೋಟವನ್ನು ಸ್ಟೂಲಿನ ಮೇಲಿಟ್ಟು ಒಳಗೆ ಬಂದೆ.